ಗೀಸನ್ ಕ್ಯಾಂಪಿನಿಂದ ಹಳದಿ ಲಕೋಟೆಯವರೆಗೆ: ಜರ್ಮನಿಯಲ್ಲಿ ಆಶ್ರಯ ಕೇಳಿದ ಕುಟುಂಬವೊಂದರ ಜೊತೆ

ಪಾಕಿಸ್ತಾನದಿಂದ ಬಂದು ಜರ್ಮನಿಯಲ್ಲಿ ಆಶ್ರಯ ಕೇಳಿದ್ದ ಒಂದು ಅಹ್ಮದಿ (ಪಾಕಿಸ್ತಾನ ಮುಸ್ಲಿಮರೆಂದು ಒಪ್ಪದ ಅಹ್ಮದಿಯಾ ಪಂಥದ) ಕುಟುಂಬದ ಪ್ರಕರಣ ಈಚೆಗಷ್ಟೇ ಮುಗಿಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅರ್ಜಿಯ ದಿನದಿಂದ ಆದೇಶ ಕೈಸೇರುವವರೆಗೆ ಅವರ ಜೊತೆ ಓಡಾಡಿದವರು ಫ್ರಾಂಕ್‌ಫರ್ಟ್ ಸುತ್ತಮುತ್ತ ನೌಕರಿಯಲ್ಲಿರುವ ನಾವು ಕೆಲವರು, ಬೀದರ್ ಮತ್ತು ಕಲಬುರಗಿ ಕಡೆಯ ಕನ್ನಡಿಗರು. ದಖನಿ ಮಾತಾಡುತ್ತೇವೆಂಬ ಕಾರಣಕ್ಕೆ ನಮ್ಮಂಥವರಿಗೆ ಇಂಥ ಕರೆ ಬರುವುದು ಇಲ್ಲಿ ಹೊಸದಲ್ಲ: "ಭಾಯಿ, ನಿಮಗೆ ಉರ್ದೂನೂ ಬರ್ತದೆ, ಜರ್ಮನ್ನೂ ಬರ್ತದೆ, ಒಂದಿನ ಜೊತೆಗೆ ಬರ್ತೀರಾ?" ಆ ಒಂದು ದಿನ ವರ್ಷಗಳಿಗೆ ಹಬ್ಬುತ್ತದೆ. ಮುಂದೆ ಇಂಥ ಕರೆಗೆ ಹೂಂ ಅನ್ನುವವರು ಮೊದಲೇ ತಿಳಿದಿರಬೇಕಾದದ್ದನ್ನು ಇಲ್ಲಿ ಬರೆದಿದ್ದೇವೆ.

ಒಂದು ಎಚ್ಚರಿಕೆ ಮೊದಲೇ. ಈ ಪ್ರಕರಣ ನಡೆದದ್ದು ಹಳೆಯ ನಿಯಮಗಳಡಿ. ಯುರೋಪಿಯನ್ ಒಕ್ಕೂಟದ ಹೊಸ ಆಶ್ರಯ ನಿಯಮಗಳು ಜಾರಿಗೆ ಬರುವ ದಿನ 2026ರ ಜೂನ್ 12. ಆ ದಿನದ ನಂತರ ಅರ್ಜಿ ಹಾಕುವವರು ನಾವು ಹೇಳುವ ಗಡುವುಗಳನ್ನು ಕಣ್ಣುಮುಚ್ಚಿ ನಂಬಬಾರದು. ನಿಮ್ಮ ಆದೇಶದ ಕೊನೆಯ ಪುಟದಲ್ಲಿ ಎಷ್ಟು ದಿನ, ಯಾವ ನ್ಯಾಯಾಲಯ ಎಂದು ಬರೆದಿರುತ್ತದೆ. ಅದೇ ನಿಮ್ಮ ಕಾನೂನು.

ಅರ್ಜಿಗೆ ಶುಲ್ಕವಿಲ್ಲ. ಹೆಸೆ ರಾಜ್ಯದಲ್ಲಿ ಮೊದಲು ಹೋಗಬೇಕಾದದ್ದು ಗೀಸನ್ ಊರಿನ ಸ್ವಾಗತ ಕೇಂದ್ರಕ್ಕೆ. ಎಲ್ಲರೂ ಅದನ್ನು ಕ್ಯಾಂಪ್ ಎಂದೇ ಕರೆಯುತ್ತಾರೆ. ಅಲ್ಲಿ ಹೆಸರು, ಹುಟ್ಟಿದ ದಿನ, ದೇಶ ಬರೆದುಕೊಂಡು, ಫೋಟೋ ತೆಗೆದು, ಹತ್ತೂ ಬೆರಳಿನ ಅಚ್ಚು ಪಡೆಯುತ್ತಾರೆ. ಬೆರಳಚ್ಚು ಯೂರೋಡಾಕ್ ಎಂಬ ಯುರೋಪಿನ ಸಾಮಾನ್ಯ ದತ್ತಾಂಶಕ್ಕೆ ಹೋಗುತ್ತದೆ. ಬೇರೆ ದೇಶದಲ್ಲಿ ಮೊದಲೇ ಅರ್ಜಿ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೈಗೆ ಸಿಗುವ ಮೊದಲ ಕಾಗದ ಅನ್‌ಕುನ್ಫ್ಟ್ಸ್‌ನಾಖ್‌ವೈಸ್, ಅಂದರೆ ಬಂದದ್ದಕ್ಕೆ ಪುರಾವೆ. ಹಾಸಿಗೆ, ಊಟ, ವೈದ್ಯರು ಎಲ್ಲಕ್ಕೂ ಇದೇ ಆಧಾರ.

ಗೀಸನ್‌ನಲ್ಲಿ ಬಾಗಿಲು ತಟ್ಟಿದವರೆಲ್ಲ ಹೆಸೆಯಲ್ಲೇ ಉಳಿಯುತ್ತಾರೆ ಎಂದೇನಿಲ್ಲ. 16 ರಾಜ್ಯಗಳ ನಡುವೆ ಹಂಚಿಕೆ ಇದೆ. ಮೂರರಲ್ಲಿ ಎರಡು ಪಾಲು ರಾಜ್ಯದ ತೆರಿಗೆ ಆದಾಯ ನೋಡಿ, ಒಂದು ಪಾಲು ಜನಸಂಖ್ಯೆ ನೋಡಿ ಲೆಕ್ಕ ಹಾಕುತ್ತಾರೆ. ಅಣ್ಣ ಫ್ರಾಂಕ್‌ಫರ್ಟಿನಲ್ಲಿದ್ದಾನೆ ಎಂದರೆ ಕಂಪ್ಯೂಟರ್ ಕೇಳುವುದಿಲ್ಲ. ಗಂಡ-ಹೆಂಡತಿ, ಚಿಕ್ಕ ಮಕ್ಕಳು ಮಾತ್ರ ಒಟ್ಟಿಗಿರುತ್ತಾರೆ. ಮದುವೆಯ ಪುರಾವೆ, ಅಂದರೆ ನಿಕಾಹ್‌ನಾಮೆಯಾದರೂ, ಮೊದಲ ದಿನವೇ ಕೈಚೀಲದಲ್ಲಿರಲಿ.

ಪಾಸ್‌ಪೋರ್ಟ್ ಒಪ್ಪಿಸಬೇಕು, ಅದು ಕಾನೂನು. ಒಪ್ಪಿಸುವ ಮೊದಲು ಎಲ್ಲ ಪುಟಗಳ ಬಣ್ಣದ ನಕಲು ತೆಗೆದಿಟ್ಟುಕೊಳ್ಳಿ, ಒಪ್ಪಿಸಿದ ಮೇಲೆ ರಸೀದಿ ಕೇಳಿ ಪಡೆಯಿರಿ. ಪಾಕಿಸ್ತಾನದ ಅಹ್ಮದಿಗಳಿಗೆ ಪಾಸ್‌ಪೋರ್ಟೇ ಒಂದು ಸಾಕ್ಷಿ. ಆ ದೇಶದ ಪಾಸ್‌ಪೋರ್ಟಿನಲ್ಲಿ ಧರ್ಮದ ಕಲಂ ಇದೆ. ಮುಸ್ಲಿಂ ಎಂದು ಬರೆಸಿಕೊಳ್ಳಬೇಕಾದರೆ ಅಹ್ಮದಿಯಾ ಪಂಥದ ಸ್ಥಾಪಕರನ್ನು ಸುಳ್ಳು ಪ್ರವಾದಿ ಎಂದು ಒಪ್ಪುವ ಹೇಳಿಕೆಗೆ ಸಹಿ ಹಾಕಬೇಕು. ಹಾಕದವರ ಪುಟದಲ್ಲಿ ಅಹ್ಮದಿ ಎಂದು ಅಚ್ಚಾಗುತ್ತದೆ. ಆ ಒಂದು ಸಾಲಿನ ನಕಲು ಮುಂದೆ ಎಷ್ಟೋ ಪ್ರಶ್ನೆಗಳನ್ನು ಚಿಕ್ಕದು ಮಾಡುತ್ತದೆ.

ಆಮೇಲೆ ಬಾಂಫ್, ಅಂದರೆ ವಲಸೆ ಮತ್ತು ನಿರಾಶ್ರಿತರ ಕೇಂದ್ರ ಕಚೇರಿಯಲ್ಲಿ ಔಪಚಾರಿಕ ಅರ್ಜಿ. ಅರ್ಜಿದಾರರು ಖುದ್ದಾಗಿ ಹೋಗಬೇಕು, ದುಭಾಷಿಯನ್ನು ಕಚೇರಿಯೇ ಕೊಡುತ್ತದೆ. ವಿಚಾರಣೆ ಯಾವ ಭಾಷೆಯಲ್ಲಿ ಬೇಕು ಎಂದು ಇಲ್ಲೇ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಪಂಜಾಬಿ, ಶಾಲೆಯಲ್ಲಿ ಉರ್ದು ಎನ್ನುವವರು ಕಷ್ಟದ ಮಾತನ್ನು ಯಾವುದರಲ್ಲಿ ಸಲೀಸಾಗಿ ಹೇಳಬಲ್ಲರೋ ಅದನ್ನೇ ಬರೆಸಬೇಕು. ಮರ್ಯಾದೆಗೆಂದು ಉರ್ದು ಬರೆಸಿ ಆಮೇಲೆ ತಡವರಿಸಿದವರನ್ನು ಕಂಡಿದ್ದೇವೆ. ಹೆಣ್ಣುಮಕ್ಕಳು ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ ಬೇಕೆಂದರೆ ಈಗಲೇ ಹೇಳಿ, ಅರ್ಜಿಯ ಮೇಲೆ ಬರೆಸಬೇಕು. ಹಿಂಸೆ ಅನುಭವಿಸಿದವರಿಗೆ ಅದಕ್ಕಾಗಿ ತರಬೇತಾದ ಅಧಿಕಾರಿಗಳಿದ್ದಾರೆ, ಕೇಳಬೇಕು ಅಷ್ಟೇ. ವಿಚಾರಣೆಯ ದಿನ ಬೆಳಿಗ್ಗೆ ಕೇಳಿದರೆ ಇನ್ನೊಂದು ದಿನಾಂಕ, ಅಂದರೆ ಇನ್ನಷ್ಟು ತಿಂಗಳು.

ಅರ್ಜಿ ಆದ ಮೇಲೆ ಸಿಗುವುದು ಔಫೆಂಟ್‌ಹಾಲ್ಟ್ಸ್‌ಗೆಶ್ಟಾಟುಂಗ್, ಪ್ರಕರಣ ಮುಗಿಯುವವರೆಗೆ ಇಲ್ಲಿರಲು ಅನುಮತಿ. ಅದರಲ್ಲಿ ಹೆಸರಿನ ಅಕ್ಷರ, ಹುಟ್ಟಿದ ತಾರೀಖು ತಪ್ಪಿದ್ದರೆ ಆ ಕೌಂಟರಿನಲ್ಲೇ ನಿಂತು ತಿದ್ದಿಸಿ. ಅಲ್ಲಿ ಬಿಟ್ಟ ಒಂದು ತಪ್ಪಕ್ಷರ ಮಕ್ಕಳ ಶಾಲೆಯವರೆಗೂ ಬೆನ್ನು ಬಿಡುವುದಿಲ್ಲ. ಮೊದಲ ಮೂರು ತಿಂಗಳು ಗೊತ್ತುಪಡಿಸಿದ ಪ್ರದೇಶ ದಾಟುವಂತಿಲ್ಲ, ಸ್ವಾಗತ ಕೇಂದ್ರದಲ್ಲೇ ಇರಬೇಕಾದವರಿಗೆ ಈ ಕಟ್ಟು ಇನ್ನೂ ಉದ್ದ. ಪಕ್ಕದ ರಾಜ್ಯದ ನೆಂಟರ ಮದುವೆಗೂ ಲಿಖಿತ ಅನುಮತಿ ಬೇಕು.

ಇಷ್ಟರ ನಡುವೆ ಒಂದು ಸಣ್ಣ ಸಂದರ್ಶನ ಇರುತ್ತದೆ: ಯಾವ ದಾರಿಯಲ್ಲಿ ಬಂದಿರಿ, ಯಾರ ವೀಸಾ, ಎಲ್ಲೆಲ್ಲಿ ಇಳಿದಿರಿ. ಇದು ಡಬ್ಲಿನ್ ನಿಯಮದ ಪರಿಶೀಲನೆ. ಹಲವರು ಇದನ್ನೇ ವಿಚಾರಣೆ ಎಂದು ತಿಳಿದು ಊರಿನ ಕಥೆಯನ್ನೆಲ್ಲ ಹೇಳಲು ಹೋಗುತ್ತಾರೆ, ಅಧಿಕಾರಿ ತಡೆದರೆ ಕಂಗಾಲಾಗುತ್ತಾರೆ. ಇಲ್ಲಿ ನೋಡುವುದು ಅರ್ಜಿಯನ್ನು ಯಾವ ದೇಶ ಪರಿಶೀಲಿಸಬೇಕು ಎಂಬುದನ್ನು ಮಾತ್ರ. ನಮ್ಮ ಜೊತೆಗಿದ್ದವರದು ಜರ್ಮನಿಯದೇ ವೀಸಾ, ಹಾಗಾಗಿ ಬೇಗ ಮುಗಿಯಿತು. ಇಟಲಿಯ ವೀಸಾದಲ್ಲಿ ಬಂದವರಿಗೆ ಇಟಲಿಯೇ ಹೊಣೆ ಎಂಬುದು ನಿಯಮ. ಜರ್ಮನಿ ಆ ದೇಶಕ್ಕೆ ಪತ್ರ ಬರೆಯಲು ಮೂರು ತಿಂಗಳು, ಬೆರಳಚ್ಚು ಸಿಕ್ಕಿದ್ದರೆ ಎರಡು ತಿಂಗಳು. ಅವರು ಒಪ್ಪಿದ ಮೇಲೆ ಕಳುಹಿಸಲು ಆರು ತಿಂಗಳು. ತಲೆಮರೆಸಿಕೊಂಡರೆ ಅದು ಹದಿನೆಂಟಾಗುತ್ತದೆ. ಎರಡು ದಿನ ಗೆಳೆಯರ ಮನೆಗೆಂದು ಹೇಳದೆ ಹೋದವರನ್ನೂ ತಲೆಮರೆಸಿಕೊಂಡವರ ಪಟ್ಟಿಗೆ ಸೇರಿಸಿದ್ದುಂಟು. ಗಂಡಾಂತರ ಬೇಡ, ಎಲ್ಲಿಗೆ ಹೋದರೂ ಹೇಳಿಯೇ ಹೋಗಬೇಕು.

ವಿಮಾನ ನಿಲ್ದಾಣದಲ್ಲೇ, ಸರಿಯಾದ ಪಾಸ್‌ಪೋರ್ಟಿಲ್ಲದೆ ಆಶ್ರಯ ಕೇಳಿದವರ ದಾರಿ ಬೇರೆ ಮತ್ತು ಬಹಳ ವೇಗದ್ದು. ಎರಡು ದಿನದಲ್ಲಿ ನಿರ್ಧಾರ ಬರಬಹುದು, ನ್ಯಾಯಾಲಯಕ್ಕೆ ಹೋಗಲು ಸಿಗುವುದು ಮೂರೇ ದಿನ. ಅಂಥ ಕರೆ ಬಂದರೆ ಜೊತೆಗೆ ಹೋಗುವ ಯೋಚನೆ ಬಿಟ್ಟು ಮೊದಲು ವಕೀಲರಿಗೆ ಫೋನ್ ಮಾಡಿ.

ಕಾಯುವಿಕೆ ಶುರುವಾಗುವುದು ಇಲ್ಲಿಂದ. ಬಾಂಫ್ ಆರು ತಿಂಗಳಲ್ಲಿ ನಿರ್ಧರಿಸಬೇಕು ಎಂದು ಕಾನೂನಿನಲ್ಲಿದೆ. ಕಾರಣ ಕೊಟ್ಟು ಅದನ್ನು ಹದಿನೈದಕ್ಕೆ ಏರಿಸಬಹುದು, ಇಪ್ಪತ್ತೊಂದು ತಿಂಗಳು ಕೊನೆಯ ಮಿತಿ. ಪ್ರಕರಣ ಎಲ್ಲಿಗೆ ಬಂತು ಎಂದು ಲಿಖಿತವಾಗಿ ಕೇಳುವ ಹಕ್ಕಿದೆ. ಫೈಲ್ ನಂಬರ್ ಹಾಕಿ ಒಂದು ಪುಟದ ಪತ್ರ ಸಾಕು. ಉತ್ತರ ಬಾರದಿದ್ದರೂ ಪತ್ರದ ನಕಲು ಇಟ್ಟಿರಿ. ಗಡುವು ಮೀರಿದ ಮೇಲೆ ನಿರ್ಧಾರ ಕೊಡಿಸಿ ಎಂದು ನ್ಯಾಯಾಲಯಕ್ಕೆ ಹೋಗುವಾಗ ಅದು ಬೇಕು.

ಈ ಕಾಲದ ಬದುಕು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. 2025ರಲ್ಲಿ ಒಂಟಿ ವ್ಯಕ್ತಿಗೆ ತಿಂಗಳ ನೆರವು 441 ಯೂರೋ. ಕ್ಯಾಂಪಿನಲ್ಲಿ ಊಟ ಕೊಡುವುದರಿಂದ ಅದರಲ್ಲಿ ದೊಡ್ಡ ಭಾಗ ಕೈಗೆ ಬರುವುದಿಲ್ಲ. ಈಗ ಹಣ ಪಾವತಿ ಕಾರ್ಡಿನಲ್ಲಿ ಬರುತ್ತದೆ, ಹಲವು ರಾಜ್ಯಗಳಲ್ಲಿ ನಗದು ತೆಗೆಯಲು ತಿಂಗಳಿಗೆ 50 ಯೂರೋ ಮಿತಿ. ವಕೀಲರ ಕಂತು, ಭಾಷಾಂತರದ ಖರ್ಚು ಇವಕ್ಕೆ ಕಾರ್ಡ್ ನಡೆಯದಿದ್ದರೆ ಸಮಾಜ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಕೊಟ್ಟು ಅನುಮತಿ ಕೇಳಬೇಕು. ಕೆಲಸ ಮಾಡಲು ಕ್ಯಾಂಪಿನಲ್ಲಿರುವವರಿಗೆ ಆರು ತಿಂಗಳು, ಹೊರಗೆ ವಾಸವಿರುವವರಿಗೆ ಮೂರು ತಿಂಗಳು ಕಳೆಯಬೇಕು, ಅದಕ್ಕೂ ಅನುಮತಿ ಪತ್ರ ಬೇಕು. ಊರಲ್ಲಿ ಅಂಗಡಿ ನಡೆಸಿದ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಅಂಚೆಪೆಟ್ಟಿಗೆ ನೋಡುತ್ತ ಕೂರುವುದನ್ನು ಕಂಡರೆ ಹೊಟ್ಟೆ ಕಿವುಚುತ್ತದೆ. ಮಕ್ಕಳು ಮಾತ್ರ ಶಾಲೆಯಲ್ಲಿ ಜರ್ಮನ್ ಕಲಿತು ಅಪ್ಪನಿಗೇ ಕಾಗದ ಓದಿ ಹೇಳುವಷ್ಟಾಗುತ್ತಾರೆ. ದಯವಿಟ್ಟು ಹಾಗಾಗಲು ಬಿಡಬೇಡಿ. ಹತ್ತು ವರ್ಷದ ಮಗು ತಿರಸ್ಕಾರದ ಪತ್ರವನ್ನು ಮೊದಲು ಓದುವಂತಾಗಬಾರದು. ಜೊತೆಗಿರುವ ದೊಡ್ಡವರು ಮಾಡಬೇಕಾದ ಕೆಲಸ ಅದು.

ಈ ಬಿಡುವಿನಲ್ಲೇ ವಿಚಾರಣೆಗೆ ತಯಾರಾಗಬೇಕು. ವಿಚಾರಣೆಯನ್ನು ಅನ್‌ಹೋರುಂಗ್ ಎನ್ನುತ್ತಾರೆ. ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ಕಾರಣಗಳನ್ನು ಅರ್ಜಿದಾರರೇ ತಮ್ಮ ಬಾಯಿಂದ ಹೇಳಬೇಕು, ಅಲ್ಲಿ ಹೇಳದೆ ಆಮೇಲೆ ನ್ಯಾಯಾಲಯದಲ್ಲಿ ಹೊಸದಾಗಿ ತಂದದ್ದನ್ನು ಪರಿಗಣಿಸದೆ ಬಿಡಬಹುದು. ವಕೀಲರಿಗೆ ಹಣವಿಲ್ಲದವರು ಸ್ವತಂತ್ರ ಸಲಹಾ ಕೇಂದ್ರಕ್ಕೆ ಹೋಗಬೇಕು. ಆಶ್ರಯ ಪ್ರಕ್ರಿಯೆಯ ಉಚಿತ ಸಲಹೆಗೆ 2023ರಿಂದ ಒಕ್ಕೂಟ ಸರ್ಕಾರ ಅನುದಾನ ಕೊಡುತ್ತಿದೆ, ಚರ್ಚಿನ ಸೇವಾ ಸಂಸ್ಥೆಗಳಾದ ಕಾರಿಟಾಸ್, ಡಿಯಾಕೋನಿ ಮುಂತಾದವರು ಅದನ್ನು ನಡೆಸುತ್ತಾರೆ.

ಅಹ್ಮದಿ ಪ್ರಕರಣದಲ್ಲಿ ಏನನ್ನು ಸಾಬೀತು ಮಾಡಬೇಕು ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. 1974ರ ಸಂವಿಧಾನ ತಿದ್ದುಪಡಿಯಲ್ಲಿ ಪಾಕಿಸ್ತಾನ ಅವರನ್ನು ಮುಸ್ಲಿಮೇತರರೆಂದು ಸಾರಿತು. 1984ರ ಸುಗ್ರೀವಾಜ್ಞೆಯಿಂದ ಬಂದ 298-ಬಿ, 298-ಸಿ ಕಲಂಗಳ ಪ್ರಕಾರ ಅವರು ಅಜಾನ್ ಕೂಗಿದರೂ, ತಮ್ಮನ್ನು ಮುಸ್ಲಿಮರೆಂದು ಕರೆದುಕೊಂಡರೂ ಮೂರು ವರ್ಷದವರೆಗೆ ಜೈಲು. 2010ರ ಮೇ 28ರಂದು ಲಾಹೋರಿನಲ್ಲಿ ಅವರ ಎರಡು ಮಸೀದಿಗಳ ಮೇಲಿನ ದಾಳಿಯಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಇದೆಲ್ಲ ಅಧಿಕಾರಿಗೆ ಗೊತ್ತಿರುತ್ತದೆ. ಇದನ್ನೇ ಗಂಟೆಗಟ್ಟಲೆ ಹೇಳಿದರೆ ನಿಮ್ಮ ಸಮಯ ಅದರಲ್ಲೇ ಹೋಯಿತು.

ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರ ಸೆಪ್ಟೆಂಬರ್ 5ರಂದು, ಜರ್ಮನಿಗೆ ಬಂದಿದ್ದ ಇಬ್ಬರು ಪಾಕಿಸ್ತಾನಿ ಅಹ್ಮದಿಗಳ ಪ್ರಕರಣದಲ್ಲೇ, ಊರಿಗೆ ಹೋಗಿ ಧರ್ಮವನ್ನು ಮುಚ್ಚಿಟ್ಟು ಬದುಕು ಎಂದು ಯಾರಿಗೂ ಹೇಳುವಂತಿಲ್ಲ ಎಂದಿತು. ಮನೆಯೊಳಗಿನ ಪ್ರಾರ್ಥನೆಯಷ್ಟೇ ಅಲ್ಲ, ಬಹಿರಂಗವಾಗಿ ಆಚರಿಸುವುದೂ ಧರ್ಮಸ್ವಾತಂತ್ರ್ಯದ ಭಾಗ. 2013ರ ಫೆಬ್ರವರಿಯಲ್ಲಿ ಜರ್ಮನಿಯ ಒಕ್ಕೂಟ ಆಡಳಿತ ನ್ಯಾಯಾಲಯ ಅದನ್ನು ಅನುಸರಿಸಿ ತೀರ್ಪು ಕೊಟ್ಟಿತು. ಈಗ ತೂಗುವುದು ಇದನ್ನು: ಬಹಿರಂಗ ಆಚರಣೆ ಈ ವ್ಯಕ್ತಿಯ ಬದುಕಿಗೆ ನಿಜವಾಗಿ ಬಿಟ್ಟಿರಲಾಗದ್ದೋ? ಹುಟ್ಟಿನಿಂದ ಅಹ್ಮದಿ ಎಂಬುದಷ್ಟೇ ಸಾಲದು.

ಹಾಗಾಗಿ ಕೇಳುವ ಪ್ರಶ್ನೆಗಳು ದಿನನಿತ್ಯದವು. ನಮಾಜಿಗೆ ಎಲ್ಲಿ ಸೇರುತ್ತಿದ್ದಿರಿ, ವಾರಕ್ಕೆ ಎಷ್ಟು ಸಲ? ಜಮಾತಿನಲ್ಲಿ ಯಾವ ಹೊಣೆ ಹೊತ್ತಿದ್ದಿರಿ? ಚಂದಾ ಎಷ್ಟು, ಯಾರ ಕೈಗೆ? ಇಲ್ಲಿ ಬಂದ ಮೇಲೆ ಯಾವ ಸೆಂಟರಿಗೆ ಹೋಗುತ್ತೀರಿ, ಅಲ್ಲಿ ಏನು ಕೆಲಸ ಮಾಡುತ್ತೀರಿ? ಗಂಡಸರು ಜಮಾತಿನ ಯುವಕರ ಸಂಘ ಖುದ್ದಾಮ್ ಅಥವಾ ಹಿರಿಯರ ಸಂಘ ಅನ್ಸಾರುಲ್ಲಾದಲ್ಲಿ, ಹೆಂಗಸರು ಮಹಿಳೆಯರ ಸಂಘ ಲಜ್ನಾದಲ್ಲಿ ಏನು ಮಾಡಿದ್ದಾರೆ ಎಂಬುದನ್ನು ಹೆಸರು, ಜಾಗ, ವರ್ಷದ ಸಮೇತ ಹೇಳಬೇಕು. ಜಮಾತಿನ ಜರ್ಮನ್ ಪ್ರಧಾನ ಕಚೇರಿ ಫ್ರಾಂಕ್‌ಫರ್ಟಿನಲ್ಲಿದೆ, ಅಲ್ಲಿಂದ ಸದಸ್ಯತ್ವ ಪತ್ರ ಪಡೆಯಬಹುದು. ಪಾಕಿಸ್ತಾನದಲ್ಲಿ ವಿಚಾರಿಸಿ ಕೊಡುವುದರಿಂದ ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಅರ್ಜಿ ಹಾಕಿದ ವಾರವೇ ಕೇಳಿಡಿ. ಹೆಂಡತಿಯ ಹೆಸರಿನಲ್ಲಿ ಬೇರೆ ಪತ್ರವೇ ಬೇಕು. ಗಂಡನ ಪತ್ರದಲ್ಲಿ ಅವರ ಕೆಲಸ ಕಾಣುವುದಿಲ್ಲ.

ಎಫ್‌ಐಆರ್, ಬೆದರಿಕೆ ಪತ್ರ, ಆಸ್ಪತ್ರೆಯ ಚೀಟಿ ಇದ್ದರೆ ಮೂಲ ಪ್ರತಿ ತನ್ನಿ. ಬಾಂಫ್‌ನಲ್ಲಿ ಕಾಗದ, ಮುದ್ರೆ, ಅಚ್ಚು ಪರೀಕ್ಷಿಸುವ ವಿಭಾಗವೇ ಇದೆ. ಏಜೆಂಟ್ ಮಾಡಿಸಿಕೊಟ್ಟ ಒಂದು ಸುಳ್ಳು ಕಾಗದ ಹತ್ತು ನಿಜವನ್ನು ಮುಳುಗಿಸುತ್ತದೆ. ಇದನ್ನು ಜೊತೆಗಿರುವವರು ಮುಲಾಜಿಲ್ಲದೆ ಹೇಳಬೇಕು. ಪ್ರಮಾಣಿತ ಭಾಷಾಂತರಕ್ಕೆ ಪುಟದ ಲೆಕ್ಕದಲ್ಲಿ ಹತ್ತಾರು ಯೂರೋ. ಎಲ್ಲವನ್ನೂ ಮಾಡಿಸಲು ಹೋಗದೆ ಯಾವುದು ಬೇಕೆಂದು ಸಲಹಾ ಕೇಂದ್ರದಲ್ಲಿ ಕೇಳಿ ಆರಿಸಿ.

ನಾವು ಕಥೆ ಕಟ್ಟಿಕೊಡಲಿಲ್ಲ, ಕಟ್ಟಿಕೊಡಬಾರದು. ಮಾಡಿಸಿದ್ದು ಇಷ್ಟು: ಒಂದು ಹಾಳೆಯಲ್ಲಿ ವರ್ಷಗಳ ಸಾಲು. ಮದುವೆ, ಮನೆ ಬದಲಿಸಿದ್ದು, ಅಂಗಡಿಯ ಮುಂದೆ ಜನ ಸೇರಿದ್ದು, ದೂರು ಕೊಟ್ಟದ್ದು, ಹೊರಟದ್ದು. ದಿನಾಂಕ ನೆನಪಿಲ್ಲದ ಕಡೆ "ಆ ವರ್ಷದ ರಂಜಾನ್ ಮುಗಿದ ಮೇಲೆ" ಎಂದು ಹೇಳಬಹುದು, ಊಹಿಸಿ ತಾರೀಖು ಹೇಳುವುದು ಅಪಾಯ. ಗಂಡ-ಹೆಂಡತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಕೇಳುತ್ತಾರೆ, ಇಬ್ಬರ ಉತ್ತರ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದೇ ಮಾತನ್ನು ಉರುಹೊಡೆದವರು ಕೂಡಲೇ ಸಿಕ್ಕಿಬೀಳುತ್ತಾರೆ. ನಿಜವಾಗಿ ನೋಡಿದ್ದನ್ನು ತಾನು ನಿಂತ ಜಾಗದಿಂದ ಹೇಳಿದರೆ ಸಾಕು. ಕೇಳಿದ್ದನ್ನು "ಇದು ನನಗೆ ಅವರು ಹೇಳಿದ್ದು" ಎಂದೇ ಹೇಳಬೇಕು.

ವಿಚಾರಣೆಯ ಕರೆ ಅಂಚೆಯಲ್ಲಿ ಬರುತ್ತದೆ, ಕೆಲವೊಮ್ಮೆ ಕೆಲವೇ ದಿನ ಮುಂಚೆ. ಹೋಗದಿದ್ದರೆ ಅರ್ಜಿ ಹಿಂದಕ್ಕೆ ಪಡೆದಂತೆ ಎಂದು ಪ್ರಕರಣ ಮುಚ್ಚಬಹುದು. ಜ್ವರ ಬಂದರೆ ಅದೇ ದಿನ ವೈದ್ಯರ ಚೀಟಿ ಕಳುಹಿಸಬೇಕು. ಜೊತೆಗೆ ಹೋಗುವವರು ಮೊದಲೇ ಪತ್ರ ಬರೆದು ತಮ್ಮ ಹೆಸರು ತಿಳಿಸಿ, ಗುರುತಿನ ಚೀಟಿ ಒಯ್ಯಬೇಕು. ಒಳಗೆ ನಮ್ಮ ಉರ್ದು ಉಪಯೋಗಕ್ಕಿಲ್ಲ: ಅಲ್ಲಿ ದುಭಾಷಿ ಕಚೇರಿಯವರೇ. ಬೀದರಿನ ದಖನಿಯಲ್ಲಿ ನಡುವೆ ಬಾಯಿ ಹಾಕಿದರೆ ಸಹಾಯಕ್ಕಿಂತ ಗೊಂದಲವೇ ಹೆಚ್ಚು. ಅನುವಾದ ತಪ್ಪುತ್ತಿದೆ ಅನ್ನಿಸಿದರೆ ಅಧಿಕಾರಿಗೆ ಹೇಳಿ, ಅದನ್ನು ದಾಖಲೆಯಲ್ಲಿ ಬರೆಸಿ.

ಬೆಳಿಗ್ಗೆ ಬೇಗ ಕರೆದು, ಸರದಿ ಮಧ್ಯಾಹ್ನ ಬರಬಹುದು. ಬುತ್ತಿ, ನೀರು, ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕೇ ಬೇಕು. ಮಕ್ಕಳ ಮುಂದೆ ಹೇಳಲಾಗದ ಮಾತುಗಳು ಬರುತ್ತವೆ. ಮೊದಲು ಮನೆತನ, ಓದು, ಉದ್ಯೋಗ, ಕೊನೆಯ ವಿಳಾಸ, ದಾರಿ. ಆಮೇಲೆ ಯಾಕೆ ಬಿಟ್ಟು ಬಂದಿರಿ ಎಂಬ ಪ್ರಶ್ನೆ. ಅಲ್ಲಿ ಅವಸರ ಬೇಡ. ನಡುವೆ ವಿರಾಮ ಕೇಳಬಹುದು, ಅಳು ಬಂದರೆ ನಿಲ್ಲಿಸಬಹುದು. ಚಾಚಾ ಎಂದು ಬಿಡದೆ ತಂದೆಯ ತಮ್ಮ ಎಂದು ಬಿಡಿಸಿ ಹೇಳಿದರೆ ಮುಂದೆ ನೆಂಟಸ್ತಿಕೆಯ ಗೊಂದಲ ತಪ್ಪುತ್ತದೆ. ಕೊನೆಯ ಪ್ರಶ್ನೆ, ವಾಪಸ್ ಹೋದರೆ ಏನಾಗುತ್ತದೆಂದು ಭಯ? ಇದಕ್ಕೆ "ಎಲ್ಲರಿಗೂ ಗೊತ್ತಲ್ಲ" ಎಂಬ ಉತ್ತರ ನಡೆಯುವುದಿಲ್ಲ.

ಮುಗಿದ ಮೇಲೆ ಬರೆದದ್ದನ್ನೆಲ್ಲ ದುಭಾಷಿ ವಾಪಸ್ ಓದಿ ಹೇಳಬೇಕು. ಆ ಹೊತ್ತಿಗೆ ಎಲ್ಲರೂ ಸೋತಿರುತ್ತಾರೆ, ಬೇಡ ಬಿಡಿ ಅನ್ನಿಸುತ್ತದೆ. ಅದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಊರಿನ ಹೆಸರು, ವರ್ಷ, ಯಾರು ಹೊಡೆದರು, ಯಾರು ನೋಡಿದರು ಎಂಬಲ್ಲೇ ತಪ್ಪು ನುಸುಳುವುದು. ತಿದ್ದಿಸಿ, ತಿದ್ದಿದ್ದನ್ನು ಮತ್ತೆ ಓದಿಸಿ, ಆಮೇಲೆ ಸಹಿ. ಸಹಿ ಬಿದ್ದ ಮೇಲೆ "ನಾನು ಹಾಗೆ ಹೇಳಲಿಲ್ಲ" ಎಂದರೆ ನಂಬಿಸುವುದು ಬಹಳ ಕಷ್ಟ. ನಮ್ಮ ಜೊತೆಗಿದ್ದ ತಾಯಿಯ ವಿಚಾರಣೆಯಲ್ಲಿ ಓದಿಸಿದಾಗಲೇ ಎರಡು ಘಟನೆಗಳ ಹಿಂದುಮುಂದು ಅದಲುಬದಲಾದದ್ದು ಗೊತ್ತಾಯಿತು. ಅಧಿಕಾರಿ ತಕರಾರಿಲ್ಲದೆ ತಿದ್ದಿದರು.

ಇನ್ನು ಅಂಚೆ. ಆದೇಶಕ್ಕೆ ಬೆಶೈಡ್ ಎನ್ನುತ್ತಾರೆ, ಅದು ಬರುವುದು ಹಳದಿ ಲಕೋಟೆಯಲ್ಲಿ. ತಲುಪಿಸಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆ ಕೈಯಲ್ಲಿ ಬರೆಯುತ್ತಾರೆ. ಗಡುವು ಎಣಿಸುವುದು ಆ ದಿನಾಂಕದಿಂದ, ಪತ್ರದೊಳಗಿನ ದಿನಾಂಕದಿಂದಲ್ಲ, ಓದಿದ ದಿನದಿಂದಲೂ ಅಲ್ಲ. ಲಕೋಟೆ ಎಸೆದವರಿಗೆ ಆ ದಿನ ಯಾವುದೆಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಸ್ವಾಗತ ಕೇಂದ್ರದಲ್ಲಿ ಇರುವವರು ಇನ್ನೂ ಜಾಗರೂಕರಾಗಿರಬೇಕು. ಪತ್ರ ಕೇಂದ್ರಕ್ಕೆ ತಲುಪಿದ ಮೂರನೇ ದಿನ ನಿಮಗೆ ತಲುಪಿದಂತೆಯೇ ಲೆಕ್ಕ, ನೀವು ಪಡೆಯಲಿ ಬಿಡಲಿ. ಗೋಡೆಗೆ ಅಂಟಿಸುವ ಅಂಚೆಪಟ್ಟಿಯನ್ನು ದಿನವೂ ನೋಡಬೇಕು. ಇನ್ನೊಂದು ಹೈಮ್‌ಗೆ, ಅಂದರೆ ಆಶ್ರಯ ಕೇಳಿದವರ ವಸತಿಗೃಹಕ್ಕೆ, ವರ್ಗವಾದರೆ ಹೊಸ ವಿಳಾಸವನ್ನು ಬಾಂಫ್‌ಗೂ, ವಿದೇಶಿಯರ ಕಚೇರಿಗೂ, ಕೇಸಿದ್ದರೆ ನ್ಯಾಯಾಲಯಕ್ಕೂ ನೀವೇ ತಿಳಿಸಬೇಕು. ವರ್ಗ ಮಾಡಿದವರೇ ತಿಳಿಸುತ್ತಾರೆ ಎಂದುಕೊಂಡವರ ಆದೇಶ ಹಳೆಯ ವಿಳಾಸದಲ್ಲೇ ಉಳಿದು, ಗಡುವೂ ಮುಗಿದುಹೋಗುತ್ತದೆ. ಅಂಚೆಪೆಟ್ಟಿಗೆಯ ಮೇಲೆ ಮನೆಯ ಎಲ್ಲರ ಹೆಸರು, ಔಫೆಂಟ್‌ಹಾಲ್ಟ್ಸ್‌ಗೆಶ್ಟಾಟುಂಗ್‌ನಲ್ಲಿರುವ ಅದೇ ಅಕ್ಷರಗಳಲ್ಲಿ ಇರಲಿ.

ತಿರಸ್ಕಾರವಾದರೆ ಎದೆಗುಂದುವುದು ಸಹಜ, ಆದರೆ ಅಳುವುದಕ್ಕಿಂತ ಮೊದಲು ಯಾವ ಬಗೆಯ ತಿರಸ್ಕಾರ ಎಂದು ನೋಡಬೇಕು. ಸಾಮಾನ್ಯ ತಿರಸ್ಕಾರಕ್ಕೆ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡಲು ಎರಡು ವಾರ, ದಾವೆ ನಡೆಯುವಷ್ಟು ಕಾಲ ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. "ಸ್ಪಷ್ಟವಾಗಿ ಆಧಾರರಹಿತ" ಎಂದು ಬರೆದಿದ್ದರೆ, ಅಥವಾ ಡಬ್ಲಿನ್ ಆದೇಶವಾದರೆ, ಒಂದೇ ವಾರ. ದಾವೆಯ ಜೊತೆ ತಡೆ ಕೋರುವ ತುರ್ತು ಅರ್ಜಿಯನ್ನೂ ಅದೇ ವಾರದಲ್ಲಿ ಹಾಕಬೇಕು. ವಕೀಲರು ಸಿಗದಿದ್ದರೆ ನ್ಯಾಯಾಲಯದ ಅರ್ಜಿ ವಿಭಾಗಕ್ಕೆ ನೇರವಾಗಿ ಹೋಗಿ, ಅಲ್ಲಿನ ಗುಮಾಸ್ತರು ದಾವೆಯನ್ನು ಬರೆದುಕೊಳ್ಳುತ್ತಾರೆ. ಕಾರಣಗಳನ್ನು ಒಂದು ತಿಂಗಳೊಳಗೆ ಕೊಟ್ಟರಾಯಿತು. ಆಶ್ರಯ ಪ್ರಕರಣಗಳಲ್ಲಿ ನ್ಯಾಯಾಲಯದ ಶುಲ್ಕವಿಲ್ಲ. ವಕೀಲರಿಗೆ ಮೊದಲ ಹಂತಕ್ಕೆ ಸುಮಾರು 1,000 ಯೂರೋ ಆಗುತ್ತದೆ, ಬಹಳ ಮಂದಿ ಕಂತಿಗೆ ಒಪ್ಪುತ್ತಾರೆ. ಗೆಲ್ಲುವ ಸಾಧ್ಯತೆ ಕಂಡರೆ ನ್ಯಾಯಾಲಯವೇ ವೆಚ್ಚದ ನೆರವು ಕೊಡುತ್ತದೆ. ನಾವು ಜೊತೆಗಿದ್ದ ಕುಟುಂಬದ ಹೈಮ್‌ನಲ್ಲೇ ಇನ್ನೊಂದು ಮನೆಯವರ ಅರ್ಜಿ ತಿರಸ್ಕಾರವಾಗಿತ್ತು, ಅವರ ದಾವೆ ಇನ್ನೂ ನಡೆಯುತ್ತಿದೆ.

ನಾವು ಜೊತೆಗಿದ್ದ ಕುಟುಂಬಕ್ಕೆ ನಿರಾಶ್ರಿತರ ಸ್ಥಾನ ಸಿಕ್ಕಿತು. ಲಕೋಟೆ ಒಡೆದಾಗ ಮೊದಲ ಪುಟದ ಜರ್ಮನ್ ವಾಕ್ಯವನ್ನು ಎರಡು ಸಲ ಓದಿ ಹೇಳಿದರೂ ಆ ತಾಯಿ ನಂಬಲಿಲ್ಲ, ಮೂರನೆಯ ಸಲ ಬೆರಳಿಟ್ಟು ಓದಿಸಿದರು. ಆ ಸಂತೋಷ ನಮ್ಮದೂ ಆಗಿತ್ತು. ಆದರೆ ಅಂದೇ ಸಂಜೆ ಮಾಡಬೇಕಾದ ಕೆಲಸಗಳೂ ಇದ್ದವು. ವಾಸದ ಪರವಾನಗಿ ಮೂರು ವರ್ಷಕ್ಕೆ, ಅದಕ್ಕೂ ನೀಲಿ ಪ್ರಯಾಣ ಪುಸ್ತಕಕ್ಕೂ ವಿದೇಶಿಯರ ಕಚೇರಿಯಲ್ಲಿ ಸಮಯ ತೆಗೆದುಕೊಳ್ಳಬೇಕು. ಪಾಕಿಸ್ತಾನದ ದೂತಾವಾಸಕ್ಕೆ ಪಾಸ್‌ಪೋರ್ಟ್ ನವೀಕರಣಕ್ಕೆಂದು ಹೋಗಬಾರದು, ಆ ದೇಶದ ರಕ್ಷಣೆಯನ್ನು ಮತ್ತೆ ಒಪ್ಪಿಕೊಂಡಂತಾಗಿ ಸ್ಥಾನಕ್ಕೇ ಧಕ್ಕೆ. ನೆರವಿನ ಕಚೇರಿ ಬದಲಾಗಿ ಜಾಬ್‌ಸೆಂಟರ್ ಆಗುತ್ತದೆ. ಭಾಷಾ ತರಗತಿ ಸಾಮಾನ್ಯವಾಗಿ 600 ಗಂಟೆ, ದೇಶದ ಪರಿಚಯ 100 ಗಂಟೆ. ನೆರವಿನಲ್ಲಿ ಬದುಕುವವರು ಮೂರು ವರ್ಷ ಅದೇ ರಾಜ್ಯದಲ್ಲಿ ಇರಬೇಕು, ನಿಯಮ ಕೇಳುವಷ್ಟು ಸಂಬಳದ ನೌಕರಿ ಸಿಕ್ಕರೆ ವಿನಾಯಿತಿ.

ಗಂಡ ಅಥವಾ ಹೆಂಡತಿ, ಚಿಕ್ಕ ಮಕ್ಕಳು ಇನ್ನೂ ಊರಲ್ಲೇ ಇದ್ದರೆ, ಅವರನ್ನು ಕರೆಸಿಕೊಳ್ಳುವ ಇಚ್ಛೆಯನ್ನು ಆದೇಶ ಅಂತಿಮವಾದ ಮೂರು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕು. ಆಗ ಸಂಬಳ, ಮನೆಯ ಅಳತೆ ಕೇಳುವುದಿಲ್ಲ. ಮೂರು ತಿಂಗಳು ದಾಟಿದರೆ ಎರಡನ್ನೂ ಕೇಳಬಹುದು. ನಿರಾಶ್ರಿತರ ಸ್ಥಾನದ ಬದಲು ಪೂರಕ ರಕ್ಷಣೆ ಎಂಬ ಅದಕ್ಕಿಂತ ಕಡಿಮೆ ಹಕ್ಕಿನ ಸ್ಥಾನ ಮಾತ್ರ ಸಿಕ್ಕವರಿಗೆ ಈ ಬಾಗಿಲನ್ನು 2025ರ ಜುಲೈನಿಂದ ಎರಡು ವರ್ಷಕ್ಕೆ ಮುಚ್ಚಿದ್ದಾರೆ. ತೀರಾ ವಿಶೇಷ ಸಂದರ್ಭದ ಅರ್ಜಿಗಳಿಗಷ್ಟೇ ಎಡೆ ಇದೆ, ಅದಕ್ಕೆ ವಕೀಲರಿಲ್ಲದೆ ಕೈಹಾಕಬೇಡಿ.